ಕರಿಬಂಡೆಯಿಂದ ಬಂದ ವಾಚು

ವಾಚು ನಿಲ್ಲುವವರೆಗೆ ಶಿಹೊ ನೀರಿಗೆ ಇಳಿಯುವ ಹಾಗಿಲ್ಲ ಎಂದು ತೊಮೆ ಅಜ್ಜಿ ತೀರ್ಪು ಕೊಟ್ಟದ್ದು ಬೆಂಕಿ ಗುಡಿಸಲಿನಲ್ಲಿ. ಆ ಗುಡಿಸಲು ಚಿಪ್ಪು ಹಿಡಿಯಲು ಸಮುದ್ರದ ತಳಕ್ಕೆ ಮುಳುಗುವ ಹೆಂಗಸರದ್ದು. ಸಮುದ್ರದಿಂದ ಎದ್ದು ಬಂದು ಬೆಂಕಿಗೆ ಬೆನ್ನು ಕೊಟ್ಟು ಕೂರುವ ಜಾಗ. ಗಂಡಸರು ಹೊಸ್ತಿಲು ದಾಟುವ ಪದ್ಧತಿಯಿಲ್ಲ. ಶಿಹೊಳ ಅಪ್ಪ ತಮೊತ್ಸು ಹೊಸ್ತಿಲಾಚೆಯೇ ನಿಂತಿದ್ದ. ಮಗಳ ಒದ್ದೆ ಅಂಗೈಯಲ್ಲಿದ್ದ ವಾಚನ್ನು ಅವನು ಅಲ್ಲಿಂದಲೇ ಗುರುತಿಸಿದ್ದ. ಗುರುತಿಸದೆ ಏನು? ಅವನೇ ಕೊಂಡ ವಾಚು, ಅವನೇ ಹೆಂಡತಿಯ ಮಣಿಕಟ್ಟಿಗೆ ಕಟ್ಟಿದ ವಾಚು. ಆ ಹೆಂಡತಿ ಚಿಗುಸಾ ಒಂಬತ್ತು ವರ್ಷದ ಹಿಂದೆ ಕರಿಬಂಡೆಯ ಹತ್ತಿರ ಮುಳುಗಿದವಳು ಮೇಲೆ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಈಗ ಅವಳ ವಾಚು ಬಂದಿತ್ತು. ಅದೂ ನಡೆಯುತ್ತಲೇ ಬಂದಿತ್ತು.

“ಎಲ್ಲಿತ್ತು ಅಂದೆ? ಇನ್ನೊಂದ್ಸಲ ಹೇಳು,” ಎಂದಳು ತೊಮೆ ಅಜ್ಜಿ. ಎಂಬತ್ತು ದಾಟಿದ್ದರೂ ಇನ್ನೂ ಮುಳುಗುತ್ತಿದ್ದ ಮುದುಕಿ. ಗುಡಿಸಲಿನಲ್ಲಿ ಅವಳ ಮಾತೇ ಕಾನೂನು.

“ಕರಿಬಂಡೆ ಬುಡದಲ್ಲಿ, ಸಂದಿಯೊಳಗೆ. ಅವಾಬಿ ಚಿಪ್ಪು ಇದೆ ಅಂತ ಕೈ ಹಾಕಿದೆ. ಇದು ಸಿಕ್ತು.”

“ಹೇಗೆ ತಗೊಂಡೆ?”

“ಹೇಗೆ ಅಂದ್ರೆ? ಕೈ ಚಾಚಿ ತಗೊಂಡೆ.”

“ಎದುರಿಗೇ? ಮುಖಾಮುಖಿ?”

“ಹ್ಞೂಂ ಅಜ್ಜಿ, ಎದುರಿಗೇ.”

“ಅಯ್ಯೋ ನಿನ್ನ ಮನೆ ಹಾಳಾಗ! ಇವತ್ತು ಮೋಡ ಕಣೇ! ಮೋಡದ ದಿನ ನೀರೊಳಗೆ ಚಿನ್ನ ಸಿಕ್ಕಿದ್ರೂ ಬೆನ್ನು ತಿರುಗಿಸಿ, ಕೈ ಹಿಂದೆ ಮಾಡಿ ತಗೋಬೇಕು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?”

“ಹೇಳ್ಕೊಡೋಕೆ ಅಮ್ಮ ಎಲ್ಲಿದ್ಲು?” ಎಂದಳು ಶಿಹೊ.

ಆ ಊರಿನಲ್ಲಿ ಮುಳುಗುವ ಹೆಂಗಸರೆಲ್ಲ ಜೊತೆಗಾತಿಯನ್ನು ನಂಬುತ್ತಾರೆ. ನಂಬುವುದಿಲ್ಲ ಎನ್ನುವವರು ಇನ್ನೂ ಹೆಚ್ಚು ನಂಬುತ್ತಾರೆ. ಮೋಡ ಕವಿದ ದಿನ ಒಬ್ಬಳೇ ತಳ ಮುಟ್ಟಿದಾಗ ಪಕ್ಕದಲ್ಲಿ ಇನ್ನೊಬ್ಬಳು ಕಾಣುತ್ತಾಳಂತೆ. ಅದೇ ತಲೆವಸ್ತ್ರ, ಅದೇ ಮುಖ, ನಿನ್ನದೇ ಮುಖ. ನಗುತ್ತಾಳೆ, ಒಂದು ಚಿಪ್ಪನ್ನು ಮುಂದೆ ಹಿಡಿಯುತ್ತಾಳೆ. ಎದುರಿಗೆ ಕೈಚಾಚಿ ತೆಗೆದುಕೊಂಡರೆ ಮುಗಿಯಿತು, ಅವಳ ಋಣಕ್ಕೆ ಬಿದ್ದ ಹಾಗೆ. ಇವತ್ತಲ್ಲ ನಾಳೆ ಕರೆದುಕೊಂಡು ಹೋಗುತ್ತಾಳೆ.

“ತೊಗೊಂಡಿದ್ದು ಚಿಪ್ಪಾಗಿದ್ರೆ ಚಿಂತೆಯಿರ್ಲಿಲ್ಲ. ಚಿಪ್ಪು ಸತ್ತ ಮೇಲೆ ಋಣ ಹರೀತದೆ,” ಎಂದಳು ಅಜ್ಜಿ. “ಇದು ಬದುಕಿದೆಯಲ್ಲೇ. ನೋಡು, ಹೇಗೆ ಓಡ್ತಿದೆ.”

“ಅದು ಕ್ವಾರ್ಟ್ಝ್ ವಾಚು ಅಜ್ಜಿ,” ತಮೊತ್ಸು ಹೊರಗಿನಿಂದ ಹೇಳಿದ. “ಹತ್ತು ವರ್ಷದ ಬ್ಯಾಟರಿ. ಆಳಕ್ಕೆ ಇಳಿಯೋರಿಗೆ ಅಂತಲೇ ಮಾಡಿದ್ದು. ನೀರೊಳಗೆ ಬಿದ್ದಿದ್ರೂ ನಡೀತದೆ.”

“ಕೊಂಡಿದ್ದು ಯಾವಾಗಲೋ?”

“ಬಂದರಿನ ಗೋಡೆ ಕೆಲಸಕ್ಕೆ ಹೋಗ್ತಿದ್ದಾಗ.”

“ಗೋಡೆ ಕಟ್ಟಿ ಹನ್ನೆರಡು ವರ್ಷ ಆಯ್ತು. ಹತ್ತು ವರ್ಷದ್ದು ಅಂತೀಯ. ಹಾಗಾದ್ರೆ ಮೇಲಿನೆರಡು ವರ್ಷ ಅದಕ್ಕೆ ಅನ್ನ ಹಾಕಿದ್ದು ಯಾರು?”

ಬೆಂಕಿಯ ಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮೊತ್ಸುವಿಗೂ ಆ ಲೆಕ್ಕ ಆಗಲೇ ಹೊಳೆದದ್ದು. ಮಗಳು ತಲೆ ತಗ್ಗಿಸಿ ವಾಚನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅವಳ ಕಿವಿಗಳು ಕೆಂಪಾಗಿದ್ದವು. ಹೆದರಿದ್ದಾಳೆ ಎಂದುಕೊಂಡ ತಂದೆ.

ಮನೆಯಲ್ಲಿ ಆ ವಾಚನ್ನು ಎಲ್ಲಿಡುವುದೆಂದೇ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಹಿರಿಯರ ಗೂಡಿನಲ್ಲಿ, ತಮೊತ್ಸುವಿನ ತೀರಿಕೊಂಡ ಅಪ್ಪ ಅಮ್ಮನ ಹೆಸರಿನ ಹಲಗೆಗಳ ಪಕ್ಕ ಇಟ್ಟರು. ಚಿಗುಸಾಳ ಹೆಸರಿನ ಹಲಗೆ ಅಲ್ಲಿರಲಿಲ್ಲ. ದೇವಾಲಯದ ಗುರುಗಳು ಪ್ರತಿ ವರ್ಷ ಕೇಳುತ್ತಿದ್ದರು. ತಮೊತ್ಸು ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಹಲಗೆ ಬರೆಸಿದರೆ ಅವಳು ಸತ್ತ ಹಾಗೆ. ಅದೊಂದು ಮಾತನ್ನು ಒಪ್ಪಿಕೊಳ್ಳಲು ಅವನ ಕೈಲಾಗಿರಲಿಲ್ಲ. ಅವಳು ಹೋದ ದಿನ ಪ್ರತಿ ವರ್ಷ ಕರಿಬಂಡೆಗೆ ದೋಣಿ ಹೊಡೆದು ಒಂದು ಬಟ್ಟಲು ಅಕ್ಕಿಯ ಹೆಂಡ ನೀರಿಗೆ ಸುರಿದು ಬರುತ್ತಿದ್ದ. ಸತ್ತವರಿಗೂ ಸುರಿಯುತ್ತಾರೆ, ದಾರಿ ತಪ್ಪಿದವರಿಗೂ ಸುರಿಯುತ್ತಾರೆ. ಅದರಲ್ಲಿ ಯಾವುದೆಂದು ಯಾರೂ ಅವನನ್ನು ಕೇಳಿರಲಿಲ್ಲ.

ಇಂಥ ವಾಚಿನ ಬ್ಯಾಟರಿ ಮುಗಿಯುವ ಮುಂಚೆ ಒಂದು ಸೂಚನೆ ಕೊಡುತ್ತದೆ. ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಇಡುವುದನ್ನು ಬಿಟ್ಟು ಎರಡೆರಡು ಹೆಜ್ಜೆ ಹಾರತೊಡಗುತ್ತದೆ. ತಮೊತ್ಸು ಅದನ್ನೇ ಕಾಯುತ್ತ ಗೂಡಿನ ಮುಂದೆ ಕೂರುತ್ತಿದ್ದ. ಹಾರಲಿ, ಮಗಳು ಬಿಡುಗಡೆಯಾಗಲಿ ಎಂದು ಬೇಡಿಕೊಳ್ಳುತ್ತಿದ್ದ. ಹಾರದೆ ಇರಲಿ ಎಂದು ಅದೇ ಉಸಿರಿನಲ್ಲಿ ಬೇಡಿಕೊಳ್ಳುತ್ತಿದ್ದ. ಮುಳ್ಳು ಅತ್ತೆ, ಗಂಡ ಇಬ್ಬರ ಮಾತನ್ನೂ ಕೇಳದ ಸೊಸೆಯ ಹಾಗೆ ತನ್ನ ಪಾಡಿಗೆ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಕೈಗೆತ್ತಿಕೊಂಡರೆ ತಣ್ಣಗೆ, ಭಾರವಾಗಿ, ಹೊಸದರಂತೆ ಇತ್ತು. ಸಮುದ್ರಕ್ಕೆ ಬಿದ್ದ ಹಳೆ ಚಪ್ಪಲಿಗೂ ಒಂದೇ ವರ್ಷದಲ್ಲಿ ಚಿಪ್ಪು ಹತ್ತುತ್ತದೆ. ಇದಕ್ಕೆ ಒಂದು ಚುಕ್ಕೆಯೂ ಹತ್ತಿರಲಿಲ್ಲ.

“ಉಜ್ಜಿದೆಯಾ ಇದನ್ನ?” ಎಂದು ಕೇಳಿದ್ದ.

“ಉಜ್ಜಿದೆ ಅಪ್ಪ,” ಎಂದಿದ್ದಳು ಶಿಹೊ, ಬೇರೆ ಕಡೆ ನೋಡುತ್ತ.

ಅವನು ಮುಂದೆ ಕೇಳಲಿಲ್ಲ. ಕೇಳದಿರುವುದಕ್ಕೆ ಅವನಿಗೆ ಅವನದೇ ಕಾರಣವಿತ್ತು.

ಒಂಬತ್ತು ವರ್ಷದ ಹಿಂದೆ, ವಸಂತದಲ್ಲಿ ಒಂದು ದಿನ ಚಿಗುಸಾ ದೋಣಿಯ ಅಂಚು ಹಿಡಿದುಕೊಂಡು, ಹಲ್ಲು ಕಟಕಟ ಎನ್ನುತ್ತ, ತಾನು ಜೊತೆಗಾತಿಯನ್ನು ನೋಡಿದೆ ಎಂದಿದ್ದಳು. ಹೆಂಡತಿ ಮುಳುಗಿದರೆ ಗಂಡ ದೋಣಿಯಲ್ಲಿ ಹಗ್ಗ ಹಿಡಿಯುವುದು ಅಲ್ಲಿಯ ಕ್ರಮ. ಹಗ್ಗದ ಒಂದು ತುದಿ ಅವಳ ಸೊಂಟದಲ್ಲಿ, ಇನ್ನೊಂದು ಇವನ ಕೈಯಲ್ಲಿ. ಅವಳು ಎಳೆದಳೆಂದರೆ ಇವನು ಮೈಯ ಶಕ್ತಿಯೆಲ್ಲ ಹಾಕಿ ಸೇದಬೇಕು. ಅಷ್ಟು ಮಾಡಿದರೆ ಗಂಡನ ಕೆಲಸ ಮುಗಿಯಿತು, ಉಳಿದದ್ದೆಲ್ಲ ಅವಳ ಉಸಿರು. ಗಂಡನೊಬ್ಬನನ್ನು ಸಾಕಲಾರದವಳು ಮುಳುಗುವವಳೇ ಅಲ್ಲ ಎಂದು ಊರಿನ ಹೆಂಗಸರೇ ಜಂಬದಿಂದ ಹೇಳಿಕೊಳ್ಳುತ್ತಾರೆ. ಬಂದರಿನ ಕೆಲಸದಲ್ಲಿ ಶ್ವಾಸಕೋಶ ಕೆಡಿಸಿಕೊಂಡು ಬಂದ ಮೇಲೆ ತಮೊತ್ಸು ಅಂಥ ಸಾಕಿಸಿಕೊಳ್ಳುವ ಗಂಡನಾಗಿದ್ದ. ಅವಳು ಜೊತೆಗಾತಿ ಎಂದಾಗ ಅವನು ನಕ್ಕಿದ್ದ. “ಒಳ್ಳೇದೇ ಆಯ್ತು ಬಿಡು. ಇಬ್ಬರೂ ಸೇರಿ ಹಿಡೀರಿ, ಬುಟ್ಟಿ ಬೇಗ ತುಂಬುತ್ತೆ.”

ಅವಳು ನಗಲಿಲ್ಲ. ಮರುದಿನ ದೋಣಿಯ ಹತ್ತಿರ ಬಂದವಳು ಹತ್ತದೆ ದಂಡೆಯಲ್ಲೇ ನಿಂತಳು. ಆಗ ಅವನು ತನ್ನ ವಾಚು ಬಿಚ್ಚಿ ಅವಳ ಕೈಗೆ ಕಟ್ಟಿದ. “ಈ ಮುಳ್ಳು ನೋಡ್ತಿರು. ಇದು ಓಡ್ತಿದ್ರೆ ನೀನು ಈ ಲೋಕದಲ್ಲಿದೀಯ ಅಂತ. ಅವಳ ಕೈಯಲ್ಲೂ ವಾಚು ಇರುತ್ತೆ, ಆದ್ರೆ ಓಡಲ್ಲ. ಗೊತ್ತಾಯ್ತಾ?” ಎಂದ. ಅದು ಯಾವ ಹಿರಿಯರೂ ಹೇಳಿದ್ದಲ್ಲ, ಆ ಕ್ಷಣಕ್ಕೆ ಅವನ ಬಾಯಿಗೆ ಬಂದದ್ದು. ವಾಚಿನ ಸುತ್ತ ಒಂದು ಬಳೆಯಿತ್ತು. ಇಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ತಿರುಗಿಸಿ ಇಟ್ಟರೆ ಎಷ್ಟು ಹೊತ್ತಾಯಿತೆಂದು ತಿಳಿಯುತ್ತದೆ. ಅದು ಒಂದೇ ಕಡೆಗೆ ತಿರುಗುತ್ತದೆ. ಬಂಡೆಗೆ ತಾಗಿ ಜರುಗಿದರೂ ಹೊತ್ತು ಮೀರಿತೆಂದೇ ತೋರಿಸುತ್ತದೆ, ಇನ್ನೂ ಹೊತ್ತಿದೆ ಎಂದು ಎಂದೂ ಮೋಸ ಮಾಡುವುದಿಲ್ಲ. ಅದನ್ನೂ ಹೇಳಿಕೊಟ್ಟ. ಅವಳು ಮಗುವಿನ ಹಾಗೆ ತಲೆಯಾಡಿಸಿದಳು.

ಹತ್ತಾರು ದಿನ ಹಾಗೇ ಇಳಿದಳು, ಆಳದಲ್ಲಿ ಕಿವಿ ನೋಯುತ್ತದೆ ಎನ್ನುತ್ತಲೇ ಇಳಿದಳು. ಆಮೇಲೊಂದು ಮೋಡದ ದಿನ ಹಗ್ಗ ಎಳೆಯಲೇ ಇಲ್ಲ. ಹೊತ್ತು ಮೀರಿತೆಂದು ಅವನೇ ಸೇದಿದ. ಹಗ್ಗ ಹಗುರವಾಗಿ, ಹೂವಿನಂತೆ ಬಂತು. ತುದಿಯ ಗಂಟು ಬಿಚ್ಚಿತ್ತು. ಹರಿದದ್ದಲ್ಲ, ಬಂಡೆಗೆ ತೇದದ್ದಲ್ಲ, ಬೆರಳುಗಳು ಬಿಚ್ಚಿದ ಗಂಟು. ಬೇರೆ ದೋಣಿಗಳು ಬರುವ ಮುಂಚೆ ಅವನು ಚಾಕು ತೆಗೆದು ಆ ತುದಿಯನ್ನು ಕೊಯ್ದು ಎಸೆದ. ಬಂಡೆಗೆ ಸಿಕ್ಕಿ ತುಂಡಾಯಿತು ಎಂದ. ತನ್ನ ಹೆಂಡತಿ ಇಷ್ಟಪಟ್ಟೇ ಜೊತೆಗಾತಿಯ ಕೈ ಹಿಡಿದು ಹೋದಳು ಎಂದು ಹೈಸ್ಕೂಲಿಗೆ ಹೋಗುವ ಮಗಳಿಗೆ ಹೇಗೆ ಹೇಳುವುದು? ಅಂದಿನಿಂದ ಆ ಗಂಟು ಅವನ ಹೊಟ್ಟೆಯಲ್ಲಿತ್ತು.

ಈಗ ಅದೇ ಜೊತೆಗಾತಿ ಮಗಳಿಗೂ ಕೈ ಚಾಚಿದ್ದಾಳೆ. ಶಿಹೊ ಬದಲಾಗಿದ್ದಳು. ಉಳಿದ ಹೆಂಗಸರೆಲ್ಲ ಮುಳುಗಿ ಎದ್ದು ಸೀಟಿಯಂತೆ ಉಸಿರು ಬಿಡುತ್ತಿದ್ದರೆ ಇವಳು ಅಲೆತಡೆಯ ಗೋಡೆಯ ತುದಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಲ್ಲುತ್ತಿದ್ದಳು. ಕೂದಲು ಮುಖಕ್ಕೆ ಹಾರದಂತೆ ಕಿವಿಯ ಮೇಲೆ ಕೈಯಿಟ್ಟು ಏನೋ ಗುನುಗುತ್ತಿದ್ದಳು. ಅವನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದಳು. ಊರ ಬಾಯಿಗೆ ಮುಚ್ಚಳವಿಲ್ಲವಲ್ಲ, ಮೀನು ಆಯುವ ಹೆಂಗಸರು ಆಗಲೇ ಶುರು ಮಾಡಿದ್ದರು.

“ಮಗಳನ್ನ ಕಟ್ಟಿ ಹಾಕೋ ತಮೊತ್ಸು. ನಿನ್ನ ಕೈಲಿ ಹಗ್ಗ ನಿಲ್ಲಲ್ಲ ಅನ್ನೋದು ಗೊತ್ತಿರೋದೇ.”

ಆ ಚುಚ್ಚು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅಂದು ಸಂಜೆ ಅವನು ಬಲೆಗಳ ರಾಶಿಯ ಹಿಂದಿನಿಂದ ಸದ್ದಿಲ್ಲದೆ ಗೋಡೆಯ ಹತ್ತಿರ ಹೋದ. ಗಾಳಿ ಅವನ ಕಡೆಗೇ ಬೀಸುತ್ತಿತ್ತು. ಮಗಳ ಮಾತು ತುಂಡುತುಂಡಾಗಿ ಕೇಳಿಸಿತು.

“ಬರ್ತೀನಿ ಅಂದ್ನಲ್ಲ... ಇಲ್ಲ, ಅವರಿಗೆ ಗೊತ್ತಿಲ್ಲ... ಅಪ್ಪ ಒಬ್ಬರೇ ಆಗ್ತಾರಲ್ಲ, ಅದಕ್ಕೇ... ಹ್ಞೂಂ, ಹೇಗಾದ್ರೂ ಮಾಡಿ ಬರ್ತೀನಿ.”

ಅವಳ ಮುಂದೆ ಕಪ್ಪುಗಟ್ಟುತ್ತಿದ್ದ ನೀರಲ್ಲದೆ ಬೇರೇನೂ ಇರಲಿಲ್ಲ. ಬರುತ್ತೇನೆ ಎಂದು ಮಾತು ಕೊಡುತ್ತಿದ್ದಾಳೆ. ಇನ್ನು ಮುಳ್ಳು ತಾನಾಗಿ ನಿಲ್ಲಲಿ ಎಂದು ಕಾಯುತ್ತ ಕೂರುವ ಹಾಗಿಲ್ಲ. ಹೆಂಡತಿಯನ್ನು ಸತ್ತವಳೆಂದು ಒಪ್ಪಿಕೊಳ್ಳಬೇಕು, ಇಲ್ಲವೇ ಮಗಳನ್ನೂ ಕಳೆದುಕೊಳ್ಳಬೇಕು. ಅವನ ಮುಂದೆ ಇದ್ದದ್ದು ಅಷ್ಟೇ. ಅವನು ಮಗಳನ್ನು ಆರಿಸಿಕೊಂಡ. ಆರಿಸಿಕೊಂಡ ಮೇಲೆ ಬಲೆಗಳ ನಡುವೆ ಕೂತು ಅತ್ತ.

ಬೆಳಿಗ್ಗೆ ಶಿಹೊ ಏಳುವ ಮುಂಚೆ ವಾಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ರೈಲು ನಿಲ್ದಾಣವಿರುವ ಪೇಟೆಯಲ್ಲಿ ಹಿರಾಗ ಎಂಬವನ ವಾಚು ರಿಪೇರಿ ಅಂಗಡಿ. ಇಂಥ ವಾಚಿನ ಹಿಂಬದಿ ಮುಚ್ಚಳವನ್ನು ಮನೆಯಲ್ಲಿ ಚಾಕು ಹಾಕಿ ಎಬ್ಬಿಸಲಾಗುವುದಿಲ್ಲ. ಆಳದ ನೀರಿನ ಒತ್ತಡ ತಡೆಯಲು ತಿರುಪಿ ಬಿಗಿದಿರುತ್ತಾರೆ. ಹಿರಾಗ ಮಾತಿನ ಮಲ್ಲ. ವಾಚನ್ನು ನೋಡುತ್ತಲೇ ಅವನ ಮುಖ ಅರಳಿತು.

“ಆಹಾ, ಕಲ್ಲಿನಂಥ ಮಾಲು! ನನ್ನ ಹೆಂಡ್ತಿ ಬಟ್ಟೆ ಒಗೆಯೋ ಯಂತ್ರದಲ್ಲಿ ಹಾಕಿದ್ರೂ ಏನೂ ಆಗಲ್ಲ. ಹಾಕಿದಾಳೆ ಕೂಡ, ಅದಕ್ಕೇ ಹೇಳ್ತಿದೀನಿ. ಏನಾಗಿದೆ ಇದಕ್ಕೆ?”

“ಏನೂ ಆಗಿಲ್ಲ. ನಿಲ್ಲಿಸಿಕೊಡಿ.”

“ಏನು?”

“ಬ್ಯಾಟರಿ ತೆಗೆದುಬಿಡಿ ಹಿರಾಗ ಅವರೇ. ಹೊಸದು ಹಾಕ್ಬೇಡಿ.”

“ಓಡೋ ವಾಚು ನಿಲ್ಲಿಸೋಕೆ ಬಂದ ಗಿರಾಕಿ ನೀವೇ ಮೊದಲು,” ಎಂದು ಹಿರಾಗ ವಾಚನ್ನು ಹಿಡಿಕೆಗೆ ಸಿಕ್ಕಿಸಿ ಮುಚ್ಚಳ ತಿರುಗಿಸಿದ. ತಮೊತ್ಸು ಕಣ್ಣು ಮುಚ್ಚಿಕೊಂಡ. ಒಳಗಿಂದ ಸಮುದ್ರ ಸುರಿಯುತ್ತದೆ ಎಂದೋ, ಬ್ಯಾಟರಿಯ ಜಾಗ ಖಾಲಿಯಿರುತ್ತದೆ ಎಂದೋ ಅವನಿಗೆ ಅನ್ನಿಸಿತ್ತು. ಹಾಗೇನೂ ಆಗಲಿಲ್ಲ.

“ಯಾರೋ ಪ್ರೀತಿಯಿಂದ ಇಟ್ಕೊಂಡಿದಾರೆ,” ಎಂದ ಹಿರಾಗ, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು. “ರಬ್ಬರ್ ಬಳೆ ಹೊಸದು. ಗ್ರೀಸೂ ಹಚ್ಚಿದಾರೆ. ಬ್ಯಾಟರೀನೂ ಹಳೇದಲ್ಲ, ಇನ್ನೂ ಎಂಟು ವರ್ಷಕ್ಕೆ ಮೋಸವಿಲ್ಲ.”

“ಇದನ್ನ ಯಾರೂ ತೆಗೆದಿಲ್ಲ.”

“ತೆಗೆದಿಲ್ಲ ಅಂದ್ರೆ? ಇಲ್ನೋಡಿ.” ಅವನು ಮುಚ್ಚಳದ ಒಳಮೈಯನ್ನು ದೀಪಕ್ಕೆ ಹಿಡಿದ. “ಬ್ಯಾಟರಿ ಹಾಕಿದ ರಿಪೇರಿಯವನು ಇಲ್ಲಿ ಸೂಜಿಯಲ್ಲಿ ಗೀರಿ ಇಡ್ತಾನೆ, ಮುಂದಿನವನಿಗೆ ತಿಳೀಲಿ ಅಂತ. ನಾವೆಲ್ಲ ಮಾಡ್ತೀವಿ. ರೇಯಿವಾ ನಾಲ್ಕು, ಹತ್ತನೇ ತಿಂಗಳು. ಈ ಸೀಮೆಯವರ ಕೈಯಲ್ಲ ಇದು, ಬೇರೆ ಊರಿನ ಅಂಗಡಿ.”

ರೇಯಿವಾ. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದ ಮೇಲೆ ವರ್ಷಗಳಿಗೆ ಬಂದ ಹೆಸರು. ಚಿಗುಸಾ ಮುಳುಗಿದಾಗ ಹಳೆಯ ಚಕ್ರವರ್ತಿ ಇನ್ನೂ ಪಟ್ಟದಲ್ಲಿದ್ದ. ಆ ಹೆಸರೇ ಹುಟ್ಟಿರಲಿಲ್ಲ. ತಮೊತ್ಸು ಮುಚ್ಚಳವನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದ. ಕೂದಲೆಳೆಯಷ್ಟು ಸಣ್ಣ ಗೀರುಗಳು. ಜೊತೆಗಾತಿ ಏನು ಬೇಕಾದರೂ ಮಾಡಿಯಾಳು, ಪೇಟೆಗೆ ಹೋಗಿ ಸರದಿಯಲ್ಲಿ ನಿಂತು ಬ್ಯಾಟರಿ ಹಾಕಿಸಿಕೊಂಡು ಬರಲಾರಳು.

ಬದುಕಿದ್ದಾಳೆ.

ಮೊದಲು ಬಂದದ್ದು ಸಂತೋಷ. ಅದನ್ನು ಹೇಳಲೇಬೇಕು, ಏಕೆಂದರೆ ಮುಂದೆ ಅವನಿಗೇ ಅದು ನಂಬಲಾಗಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂತ ಮನುಷ್ಯ ಎಳೆ ಮಗುವಿನಂತೆ ನಕ್ಕುಬಿಟ್ಟ. ಅದರ ಬೆನ್ನಿಗೇ ಸಿಟ್ಟು ಬಂತು, ಕಣ್ಣು ಕತ್ತಲೆ ಬರುವಷ್ಟು ಸಿಟ್ಟು. ಒಂಬತ್ತು ವರ್ಷ ಖಾಲಿ ನೀರಿಗೆ ಹೆಂಡ ಸುರಿಸಿದಳಲ್ಲ! ಕರಿಬಂಡೆಯ ಹಿಂಬದಿಯಿಂದ ಈಜಿದರೆ ಪೈನ್ ಮರಗಳ ದಂಡೆ. ದಂಡೆಯ ಮೇಲೆ ಬಸ್ಸಿನ ರಸ್ತೆ. ಅವಳಿಗೆ ಅದು ನಿದ್ದೆಯಲ್ಲೂ ಈಜುವ ದೂರ. ಅವನು ದೋಣಿಯಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದಾಗ ಅವಳು ಬಂಡೆಯ ಆಚೆ ಈಜುತ್ತಿದ್ದಳು. ಆಮೇಲೆ ಸಿಟ್ಟಿನ ಅಡಿಯಿಂದ ಇನ್ನೊಂದು ಯೋಚನೆ ಎದ್ದಿತು, ಅದು ಎಲ್ಲಕ್ಕಿಂತ ತಣ್ಣಗಿತ್ತು. ಮಗಳಿಗೆ ವಾಚು ಸಿಕ್ಕಿದ್ದು ಸಂದಿಯಲ್ಲಲ್ಲ. ಎದುರಿಗೆ, ಮುಖಾಮುಖಿ ಕೈಚಾಚಿ ತೆಗೆದುಕೊಂಡೆ ಎಂದಳಲ್ಲ, ಆ ಒಂದು ಮಾತು ಮಾತ್ರ ನಿಜ. ಅದನ್ನು ಕಟ್ಟಿಕೊಂಡೇ ಮುಳುಗಿ ಎದ್ದವಳ ಕೈಯಲ್ಲಿ ಯಾರೋ ಕಂಡಿರಬೇಕು, ಅಮ್ಮನ ಕೈಯಿಂದ ಬಂದದ್ದನ್ನು ಬಚ್ಚಿಡಲು ಒಂದು ಸಣ್ಣ ಸುಳ್ಳು ಹೇಳಿದಳು. ಬೇರೆ ಊರಿನವಳಾಗಿದ್ದರೆ ಆ ಸುಳ್ಳು ದಕ್ಕುತ್ತಿತ್ತು. ಇಲ್ಲಿ ತೊಮೆ ಅಜ್ಜಿಯ ಕೈಗೆ ಸಿಕ್ಕಿಬಿದ್ದಳು. ಗೋಡೆಯ ಮೇಲೆ ಕಿವಿಗೆ ಕೈಯಿಟ್ಟು ನಿಂತಿದ್ದು ಕೂದಲಿಗಾಗಿ ಅಲ್ಲ, ಫೋನಿಗಾಗಿ.

“ತೆಗೀಲೋ ಬೇಡ್ವೋ?” ಹಿರಾಗ ಚಿಮುಟ ಹಿಡಿದು ಕಾಯುತ್ತಿದ್ದ. “ನನ್ನ ಕೇಳಿದ್ರೆ ಪಾಪ ಅದು. ಇಷ್ಟು ಚೆನ್ನಾಗಿ ಓಡ್ತಿದೆ.”

ತಮೊತ್ಸು ಬಹಳ ಹೊತ್ತು ಮುಳ್ಳನ್ನೇ ನೋಡಿದ. ಯಾವುದೋ ಊರಿನಲ್ಲಿ, ಯಾವುದೋ ಬಾಡಿಗೆ ಕೋಣೆಯಲ್ಲಿ, ಹೆಂಗಸೊಬ್ಬಳು ಇದನ್ನು ದಿನವೂ ಕಟ್ಟಿಕೊಂಡಿದ್ದಳು. ನಿಲ್ಲಲು ಬಿಟ್ಟಿರಲಿಲ್ಲ. ಬಿಟ್ಟು ಬಂದ ಗಂಡನ ವಾಚಿಗೆ ಅಷ್ಟೊಂದು ಉಪಚಾರ ಏಕೆ? ಉತ್ತರ ಅವನಿಗೆ ಗೊತ್ತಿತ್ತು. ಮುಳ್ಳು ಓಡುತ್ತಿದ್ದರೆ ನೀನು ಈ ಲೋಕದಲ್ಲಿದ್ದೀಯ ಎಂದು ಅವನೇ ಹೇಳಿದ್ದನಲ್ಲ. ಅವನಿಗೆ ಅದು ಬಾಯಿಗೆ ಬಂದ ಮಾತು, ಅವಳು ಅದನ್ನೇ ಹಿಡಿದುಕೊಂಡು ಇಷ್ಟು ವರ್ಷ ಬದುಕಿದ್ದಳು. ಈಗ ಮಗಳೂ ಮುಳುಗತೊಡಗಿದ್ದಾಳೆಂದು ತಿಳಿದು ಅದನ್ನೇ ಬಿಚ್ಚಿ ಕೊಟ್ಟುಬಿಟ್ಟಿದ್ದಳು.

“ತೆಗೀರಿ,” ಎಂದ.

ಅದು ಸಿಟ್ಟಿನಿಂದ ಹೇಳಿದ್ದಲ್ಲ. ವಾಚು ನಿಂತರೆ ಮಗಳು ನೀರಿಗಿಳಿಯಬಹುದು, ಊರು ಬಾಯಿ ಮುಚ್ಚುತ್ತದೆ. ಹಲಗೆ ಬರೆಸಿದರೆ ಚಿಗುಸಾ ಊರಿನ ಲೆಕ್ಕದಲ್ಲಿ ಸತ್ತವಳು. ಸತ್ತವಳನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಗಂಡನೂ ಹೋಗುವುದಿಲ್ಲ. ಅವಳಿಗೆ ಕೊಡಲು ಅವನ ಹತ್ತಿರ ಉಳಿದಿದ್ದುದು ಅದೊಂದೇ. ಹಿರಾಗ ಚಿಮುಟದಿಂದ ಗುಂಡಿಯಂಥ ಬ್ಯಾಟರಿಯನ್ನು ಎತ್ತಿದ. ಮುಳ್ಳು ಇದ್ದಲ್ಲೇ ನಿಂತಿತು.

ಬಸ್ಸಿನಿಂದ ಇಳಿದವನು ನೇರ ಬೆಂಕಿ ಗುಡಿಸಲಿಗೆ ಹೋಗಿ ಹೊಸ್ತಿಲಾಚೆ ನಿಂತು ವಾಚನ್ನು ಚಾಚಿದ. ತೊಮೆ ಅಜ್ಜಿ ಅದನ್ನು ಕಿವಿಗೆ ಹಿಡಿದು, ಅಲ್ಲಾಡಿಸಿ, ಮತ್ತೆ ಕಿವಿಗೆ ಹಿಡಿದಳು.

“ತಾನಾಗಿ ನಿಂತ್ತಾ?”

“ತಾನಾಗಿ.”

ಅಜ್ಜಿ ಅವನ ಮುಖವನ್ನು ನೋಡಿದಳು. ಅಷ್ಟು ವರ್ಷ ಸಮುದ್ರದ ತಳ ಕಂಡ ಕಣ್ಣುಗಳು. ಅವಕ್ಕೆ ಏನು ಕಂಡಿತೋ ಬಿಟ್ಟಿತೋ. “ಪಾಪದ ಹೆಂಗಸು. ಇನ್ನಾದ್ರೂ ಮಲಗಲಿ,” ಎಂದಳು. “ನಾಳೆಯಿಂದ ಹುಡುಗಿ ಇಳೀಲಿ ಬಿಡು.”

ಮನೆಯಲ್ಲಿ ಶಿಹೊ ಒಲೆಯ ಮುಂದೆ ಒಣಮೀನು ಸುಡುತ್ತಿದ್ದಳು. ಗೂಡಿನಲ್ಲಿ ವಾಚು ಇಲ್ಲದ್ದನ್ನು ಅವಳು ಬೆಳಿಗ್ಗೆಯೇ ನೋಡಿರಬೇಕು, ಮುಖ ಬಿಳಿಚಿಕೊಂಡಿತ್ತು.

“ಎಲ್ಲಿಗೆ ಹೋಗಿದ್ರಿ ಅಪ್ಪ?”

“ಪೇಟೆಗೆ. ವಾಚು ನಿಂತಿದೆ. ಅಜ್ಜಿಗೆ ತೋರಿಸಿ ಬಂದೆ. ನಾಳೆಯಿಂದ ನೀನು ಇಳೀಬಹುದಂತೆ.”

“ಹೌದಾ.”

“ಗುರುಗಳಿಗೂ ಹೇಳಿ ಬಂದೆ. ಅವಳ ಹಲಗೆ ಬರೆಸೋಕೆ.”

ಶಿಹೊ ಮೀನನ್ನು ಮಗುಚಿ ಹಾಕಿದಳು. ಆಗಲೇ ಮಗುಚಿದ್ದನ್ನು ಮತ್ತೆ ಮಗುಚಿದಳು. ತಮೊತ್ಸು ಚಾಪೆಯ ಮೇಲೆ ಕೂತ. ಕೇಳಬೇಕಾದ್ದು ಬೆಟ್ಟದಷ್ಟಿತ್ತು. ಎಲ್ಲಿದ್ದಾಳೆ, ಯಾರ ಜೊತೆ ಇದ್ದಾಳೆ, ನಿನಗೆ ಯಾವಾಗಿನಿಂದ ಗೊತ್ತು, ನಿನ್ನನ್ನೂ ಬಿಟ್ಟು ಹೋದಳಲ್ಲ, ನೀನು ಹೇಗೆ ಕ್ಷಮಿಸಿದೆ. ಬಾಯಿಗೆ ಬಂದದ್ದು ಅವನು ಎಣಿಸಿಯೇ ಇರದ ಒಂದು ಮಾತು.

“ಅವಳ ಕಿವಿನೋವು ಹೇಗಿದೆ ಈಗ?”

ಶಿಹೊಳ ಕೈ ನಿಂತಿತು. ಯಾರ ಕಿವಿನೋವು ಎಂದು ಕೇಳಬಹುದಿತ್ತು, ಕೇಳಲಿಲ್ಲ. ಒಲೆ ಆರಿಸಿ, ಅಪ್ಪನ ಕಡೆ ತಿರುಗಿ, ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

“ಈಗ ನೋಯಲ್ವಂತೆ,” ಎಂದಳು. “ನೀರಿಗೇ ಇಳಿಯಲ್ವಲ್ಲ ಅಪ್ಪ. ಸ್ನಾನದ ತೊಟ್ಟೀಲಿ ಕೂರೋಕೂ ಹೆದರ್ತಾಳೆ. ಚೊಂಬಲ್ಲಿ ಮೊಗೆದು ಹುಯ್ಕೋತಾಳೆ. ಕಣ್ಣು ಮುಚ್ಚೋಕೂ ಭಯ, ಬಿಟ್ಕೊಂಡೇ ಹುಯ್ಕೋತಾಳೆ.”

ತಮೊತ್ಸು ತಲೆಯಾಡಿಸಿದ.

“ಹೇಳಿದ್ಲು,” ಎಂದ. “ಭಯ ಆಗುತ್ತೆ ಅಂತ ನಂಗೆ ಹೇಳಿದ್ಲು. ನಾನು ನಕ್ಕೆ.”